ಬಲಗಾಲಿನ ಅಚ್ಚು

"ಎಲ್ಲಾ ಬಲಗಾಲೇ ಅವಲ್ರಿ ದೌಲಪ್ಪ. ಎಡಗಾಲು ಎಲ್ಲಿ ಹೋದ್ವು?"

ಕಮಲಾಪುರದ ಹುಲ್ಲುಗಾವಲಿನ ಹೊಂಡದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ಸೃಷ್ಟಿ ಕೆಸರಿನ ತೋಳದ ಹೆಜ್ಜೆಗಳಿಂದ ತಲೆ ಎತ್ತದೆ ಕೇಳಿದಳು. ತೋಳಗಳ ಗಣತಿಗೆಂದು ಕಲಬುರಗಿಯಿಂದ ಬೆಳಿಗ್ಗೆಯೇ ಬಂದಿದ್ದ ಅರಣ್ಯ ಅಧಿಕಾರಿ ಆಕೆ. ಹಿಂದೆ ನಿಂತಿದ್ದ ವಾಚರ್ ದೌಲಪ್ಪ ಹೆಗಲ ಚೀಲವನ್ನು ಬಿಗಿಹಿಡಿದ. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಇಪ್ಪತ್ತಾರು ವರ್ಷ ಈ ಹುಲ್ಲು ಕಾದವನ ಸುಳ್ಳಿಗೆ ಒಂದು ಕಾಲಿತ್ತು. ಅದಕ್ಕೂ ಒಂದು ಬೆರಳು ಕಡಿಮೆ.

ಆ ಕಾಲು ಚೀಲದಲ್ಲೇ ಇತ್ತು. ಉರುಳಿಗೆ ಸಿಕ್ಕು ಬೆರಳು ಕಳೆದುಕೊಂಡಿದ್ದ ಮುದಿ ತೋಳದ ಹೆಜ್ಜೆಗೆ, ಇಲಾಖೆಯವರು ಕಲಿಸಿದಂತೆ ಪ್ಲಾಸ್ಟರ್ ಸುರಿದು ಅವನೇ ತೆಗೆದ ಅಚ್ಚು. ಗಣತಿಯಲ್ಲಿ ತೋಳದ ಗುರುತು ಸಿಗದಿದ್ದರೆ ಈ ನೆಲ ರಕ್ಷಿತ ಪಟ್ಟಿಯಿಂದ ಹೊರಬೀಳುತ್ತದೆ, ಸೋಲಾರ್ ಕಂಪನಿಯವರು ಬೇಲಿ ಹಾಕುತ್ತಾರೆ. ಆಮೇಲೆ ಚಿಗರಿ ಜಿಂಕೆಗಳು ಎಲ್ಲಿಗೆ ಹೋಗಬೇಕು? ನೆಲದ ಮೇಲೆ ಮೊಟ್ಟೆಯಿಡುವ ಬುರ್ಲಿ ಹಕ್ಕಿಗಳು? ನೆನೆದರೆ ದೌಲಪ್ಪನಿಗೆ ತುತ್ತು ಇಳಿಯುತ್ತಿರಲಿಲ್ಲ. ನಿನ್ನೆ ಸಂಜೆ ಬಂದು ಕೆಸರಿನಲ್ಲಿ ಹನ್ನೊಂದು ಸಲ ಅಚ್ಚು ಒತ್ತಿ ಹೋಗಿದ್ದ.

"ಅದು ಸತ್ತು ಎರಡ್ ವರ್ಷ ಆಗ್ಯಾದ್ರಿ ಮೇಡಂ," ಎಂದ ಕೊನೆಗೆ. "ಹೈವೇದಾಗ ಲಾರಿ ಹಾಯ್ದು ಹೋಯ್ತ್ರಿ. ಯಾರಿಗೂ ಹೇಳಿಲ್ರಿ. ನಾನೇ ಹುಗಿದೀನ್ರಿ. ಈ ಹೆಜ್ಜಿ ಅದರ ಅಚ್ಚಿಲೆ ನಾನೇ ಒತ್ತೀನ್ರಿ."

ಸೃಷ್ಟಿಗೆ ಸಿಟ್ಟು ಬರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

"ತೋರಸ್ರಿ. ಎಲುಬು ನೋಡದೇ ನಾ ಏನೂ ಬರಿಯಂಗಿಲ್ಲ."

ಹೊಂಡದ ಒಡ್ಡಿನ ಹಿಂದೆ ಒಂದು ಜಾಲಿ ಗಿಡ. ಬುಡದಲ್ಲಿ ಅವನು ಅಂದು ಹೇರಿದ್ದ ಚಪ್ಪಡಿ ಕಲ್ಲು ಅಲುಗದೆ ಹಾಗೇ ಇತ್ತು. ಸುತ್ತಲಿನ ಒದ್ದೆ ಮಣ್ಣಿನಲ್ಲಿ ಮಾತ್ರ ಹೆಜ್ಜೆಗಳಿದ್ದವು, ಎಡಗಾಲು ಬಲಗಾಲು ಎರಡರವೂ. ಕಲ್ಲಿಗೆ ಮೂರು ಸುತ್ತು ಹಾಕಿ ಹುಲ್ಲಿನೊಳಗೆ ಹೋಗಿದ್ದವು. ಹೋದ ಹೆಜ್ಜೆಗಳಿದ್ದವು, ಬಂದ ಹೆಜ್ಜೆಗಳು ಎಲ್ಲೂ ಕಾಣಲಿಲ್ಲ.

"ಇಲ್ಲೂ ಒತ್ತೀರೇನ್ರಿ?"

"ನಮ್ಮವ್ವನ ಆಣಿ, ಇದು ನಾ ಮಾಡಿದ್ದಲ್ರಿ. ನನ್ನ ಬಲ್ಲಿ ಎಡಗಾಲಿನ ಅಚ್ಚೇ ಇಲ್ಲ."

"ಅಚ್ಚು ಕೂಡಿಸಿ ನೋಡ್ರಿ."

ಅವನು ಬಲಗಾಲಿನ ಹೆಜ್ಜೆಯೊಂದರಲ್ಲಿ ಅಚ್ಚನ್ನು ಇಟ್ಟ. ಡಬ್ಬಿಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು. ಎತ್ತಿ ನೋಡಿದರೆ ಹೆಜ್ಜೆಯಲ್ಲೂ ಅದೇ ಬೆರಳಿನ ಗುರುತು ಇರಲಿಲ್ಲ. ಹೆಜ್ಜೆಯ ಗುಳಿಯಲ್ಲಿ ನೀರು ಇನ್ನೂ ಒಸರುತ್ತಿತ್ತು. ಹಾದುಹೋಗಿ ಅರ್ಧ ಗಳಿಗೆಯೂ ಆಗಿರಲಿಕ್ಕಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ಸೃಷ್ಟಿ ನಮೂನೆ ತೆರೆದಳು. ತೋಳಗಳ ಸಂಖ್ಯೆ ಎಂದಿದ್ದಲ್ಲಿ ಪೆನ್ನು ನಿಂತಿತು.

"ಎಷ್ಟಂತ ಬರೀಲಿ, ದೌಲಪ್ಪ?"

ಹಿಂದಿನ ಎರಡು ಗಣತಿಯಲ್ಲಿ 'ಒಂದು' ಎಂದು ಸಲೀಸಾಗಿ ಹೇಳಿದ್ದ ದೌಲಪ್ಪ ಅಚ್ಚನ್ನು ಚಪ್ಪಡಿ ಕಲ್ಲಿನ ಮೇಲೆ ಇಟ್ಟ.

ಒಡ್ಡಿನ ಮೇಲೆ ಊರಿನ ಮಸ್ತಾನಬಿ ಆಡು ಮೇಯಿಸುತ್ತಿದ್ದಳು. ಆಡುಗಳು ಮೇಯುವುದನ್ನು ಬಿಟ್ಟು ನಿಂತಿದ್ದವು. ಒಂದೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. ಎಲ್ಲವೂ ಇವರಿಬ್ಬರ ಬೆನ್ನ ಹಿಂದಿನ ಹುಲ್ಲನ್ನೇ ನೋಡುತ್ತಿದ್ದವು.