ಮೂರು ಅಂಕದ ಸ್ವಾರಸ್ಯ

ನಾನು ಹತ್ತನೇ ತರಗತಿಯ ಕನ್ನಡ ಪಠ್ಯಪುಸ್ತಕ. ಹುಟ್ಟಿದ್ದು ಅಚ್ಚುಕೂಟದಲ್ಲಿ, ಸಾವಿರಾರು ಒಡಹುಟ್ಟಿದವರ ಜೊತೆ. ಬೆನ್ನಿನ ಅಂಟು ಆರುವ ಮೊದಲೇ ಕಟ್ಟು ಕಟ್ಟಿ ಲಾರಿಗೆ ಎಸೆದರು. ಆಗ ನನಗೊಂದು ಹುಚ್ಚು ಆಸೆಯಿತ್ತು, ಯಾರಾದರೂ ನನ್ನನ್ನು ಓದುತ್ತಾರೆ ಅಂತ.

ಎಲ್ಲಿ ಓದುತ್ತಾರೆ? ಕೊಪ್ಪಳದ ಕಡೆಯ ಒಂದು ಹೈಸ್ಕೂಲಿನಲ್ಲಿ ಗವಿಸಿದ್ದನ ಪಾಲಿಗೆ ಬಂದೆ. ಅವನ ಚೀಲದಲ್ಲಿ ನನ್ನ ಪಕ್ಕಕ್ಕೇ ಒಂದು ಗೈಡು. ಪರೀಕ್ಷೆಗೆ ತೆರೆಯುವುದು ಅದನ್ನು, ನೊಣ ಹೊಡೆಯುವುದಕ್ಕೆ ನನ್ನನ್ನು. ವರ್ಷ ಮುಗಿದ ಮೇಲೆ ಶಾಲೆಯ ಪುಸ್ತಕ ಬ್ಯಾಂಕಿಗೆ ಬಿಸಾಕಿ ಹೋದ. ಅವನನ್ನು ಏನಂತ ಬಯ್ಯಲಿ? ಕನ್ನಡ ಕಲಿಸುವ ಹೊಂಬಳ ಸರ್ ಕೈಯಲ್ಲೂ ಅದೇ ಗೈಡು.

ನನ್ನೊಳಗೊಂದು ಕಥೆಯಿದೆ. ಗಂಡ ಒಂದು ಮಾತೂ ಕೇಳದೆ, ಹೆಂಡತಿ ಸಾಕಿದ ಎಮ್ಮೆ ಮಾರಿ ಬರುತ್ತಾನೆ. ಅವಳು ಗಂಡನಿಗೂ ಮಕ್ಕಳಿಗೂ ಬಡಿಸಿ, "ನನಗೆ ಹಸಿವಿಲ್ಲ, ನೀವು ಉಣ್ಣಿ" ಎನ್ನುತ್ತಾಳೆ. ಪರೀಕ್ಷೆಯಲ್ಲಿ ಆ ಮಾತು ಕೊಟ್ಟು, ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ ಅನ್ನುತ್ತಾರೆ. ಮೂರು ಅಂಕ. ಗೈಡಿನ ಉತ್ತರ: ತಾಯಿಯ ತ್ಯಾಗ ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ. ಮೂವತ್ತೆಂಟು ಮಕ್ಕಳು, ಮೂವತ್ತೆಂಟು ತ್ಯಾಗ. ಎಮ್ಮೆಯ ಸುದ್ದಿ ಒಬ್ಬರೂ ಎತ್ತುವುದಿಲ್ಲ.

ಎರಡನೇ ವರ್ಷ ಫಕೀರವ್ವನ ಕೈಗೆ ಬಂದೆ. ಅವಳ ಹತ್ತಿರ ಗೈಡು ಇರಲಿಲ್ಲ, ಅದಕ್ಕೇ ನನ್ನನ್ನು ಓದಿದಳು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹೀಗೆ ಬರೆದಳು: ಆಕೆಗೆ ಹಸಿವಾಗಿದೆ. ಆದರೆ ಸಿಟ್ಟು ಬಂದಿದೆ. ಬಾಯಿ ಬಿಟ್ಟರೆ ಹೊಡೆತ ಬೀಳುತ್ತದೆ, ಅದಕ್ಕೆ ಊಟ ಬಿಟ್ಟಿದ್ದಾಳೆ. ನಮ್ಮವ್ವನೂ ಹಿಂಗೇ ಮಾಡುತ್ತಾಳೆ.

ಹೊಂಬಳ ಸರ್ ಸೊನ್ನೆ ಸುತ್ತಿದರು. ಅಷ್ಟಕ್ಕೇ ಬಿಡಲಿಲ್ಲ, ಅವಳ ತಾಯಿ ಯಂಕವ್ವನನ್ನೂ ಕರೆಸಿದರು. ಫಕೀರವ್ವನಿಂದ ಕಸಿದು ತಂದಿಟ್ಟಿದ್ದರಿಂದ ನಾನು ಅವರ ಮೇಜಿನ ಮೇಲೇ ಇದ್ದೆ.

"ನೋಡವಾ, ನಿನ್ನ ಮಗಳು ಮನಿ ಮಾತು ತಂದು ಪೇಪರ್‌ನಾಗ ಬರದಾಳ," ಎಂದು ಆ ಉತ್ತರವನ್ನು ದೊಡ್ಡದಾಗಿ ಓದಿದರು. ಪಕ್ಕದ ಮಾಸ್ತರರು ಕಿಸಕ್ಕನೆ ನಕ್ಕರು.

ಯಂಕವ್ವ ಸೆರಗು ಸರಿಮಾಡಿಕೊಂಡಳು. "ಖರೇನ ಬರದಾಳಲ್ರಿ ಸರ."

"ಖರೆ ತಗೊಂಡು ಏನ್ ಮಾಡ್ತಿ? ಪೇಪರ್ ತಿದ್ದಾವ್ರು ತ್ಯಾಗ ಅನ್ನೂ ಶಬ್ದ ಹುಡುಕ್ತಾರ. ಸರಿ ಉತ್ತರ ಇಪ್ಪತ್ತೈದು ಸಲ ಬರದು ತರ್ಲಿ. ಅಲ್ಲೀತನ ಹಾಲ್ ಟಿಕೆಟ್ ಕೊಡೂದಿಲ್ಲ."

ಹೊರಗೆ ಕಟ್ಟೆಯ ಮೇಲೆ ಫಕೀರವ್ವ ಅಳುತ್ತ ಕೂತಳು. "ನಾ ಬರಿಯಂಗಿಲ್ಲಬೇ. ಸುಳ್ಳ ಐತಿ ಅದು."

"ಹುಚ್ಚಿ, ಬರದು ಕೊಟ್ಟು ಚೀಟಿ ಇಸ್ಗೊ. ಅಲ್ಲಿ ಹೋಗಿ ನಿನಗ ತಿಳದಿದ್ದು ಬರಿ," ಎಂದಳು ಯಂಕವ್ವ. ಆಮೇಲೆ, ಮೇಜಿನಿಂದ ಎತ್ತಿಕೊಂಡು ಬಂದಿದ್ದ ನನ್ನನ್ನು ಮಗಳ ತೊಡೆಗೆ ತಳ್ಳಿ, "ಆ ಎಮ್ಮಿ ಕತಿ ಓದು, ಕೇಳೂಣು," ಎಂದಳು.

ಮಗಳು ಪೂರ್ತಿ ಓದಿದಳು. ತಾಯಿ ಕೇಳಿದ್ದು ಒಂದೇ: "ಆಮ್ಯಾಲೆ ಆಕಿ ಉಂಡ್ಲೇನು?"

ಅದು ನನ್ನಲ್ಲಿ ಬರೆದಿಲ್ಲ. ಗೈಡಿನ ಅಪ್ಪನಿಗೂ ಆ ಪ್ರಶ್ನೆ ಹೊಳೆದಿಲ್ಲ. ಹೆಬ್ಬೆಟ್ಟಿನ ಹೆಂಗಸಿಗೆ ಹೊಳೆಯಿತು. ಇಂಥವರನ್ನು ಕರೆಸಿ ನಿಲ್ಲಿಸಿ ನಗುವುದಕ್ಕೆ ಇವರಿಗೆ ಸಂಬಳ ಬೇರೆ.

ಫಕೀರವ್ವ ಇಪ್ಪತ್ತೈದು ಸಲ ಬರೆದು ಕೊಟ್ಟು ಹಾಲ್ ಟಿಕೆಟ್ ಪಡೆದಳು. ಪರೀಕ್ಷೆ ಮುಗಿದ ಮೇಲೆ ನನ್ನನ್ನು ಹಿಂತಿರುಗಿಸಲು ಬಂದಳು. ಹೊಂಬಳ ಸರ್ ತಲೆಯೆತ್ತದೆ ಕೇಳಿದರು, "ಎಮ್ಮಿ ಪ್ರಶ್ನೆ ಬಂದಿತ್ತಲ್ಲ, ಏನ್ ಬರದಿ?"

"ಸಿಟ್ಟು ಅಂತ ಬರದೇನ್ರಿ."

ಅವರು ರಿಜಿಸ್ಟರಿನಲ್ಲಿ ಸಹಿ ತಗೊಂಡರು, ಅಷ್ಟೇ. ಆ ಮೂರರಲ್ಲಿ ಅವಳಿಗೆ ಎಷ್ಟು ಬಂತೋ ನನಗೆ ಯಾರೂ ಹೇಳಲಿಲ್ಲ.

ಮರುವರ್ಷ ಬೇರೆ ಮಕ್ಕಳು, ಅದೇ ಪಾಠ. ಸರ್ ಗೈಡು ಹಿಡಿದು ಉತ್ತರ ಬರೆಸುತ್ತಿದ್ದರು. "ಸ್ವಾರಸ್ಯ, ತಾಯಿಯ..." ಎಂದವರು ನಿಂತುಬಿಟ್ಟರು. ಮಕ್ಕಳು ಪೆನ್ನು ಎತ್ತಿ ಕಾದರು. ಸರ್ ಕಿಟಕಿಯ ಕಡೆ ನೋಡುತ್ತ ಹೇಳಿದರು, "ತ್ಯಾಗ. ಬರ್ಕೊಳ್ರಿ, ತಾಯಿಯ ತ್ಯಾಗ."

ಈಗ ಪಠ್ಯ ಬದಲಾಗಿದೆ. ನಾನು ಸ್ಟೋರ್ ರೂಮಿನಲ್ಲಿ, ಮುರಿದ ಬೆಂಚಿನ ಕೆಳಗೆ, ಗೆದ್ದಲಿಗೆ ಆಹಾರವಾಗಿ ಬಿದ್ದಿದ್ದೇನೆ. ಗವಿಸಿದ್ದನ ಮೇಲೆ ಸಿಟ್ಟಿಲ್ಲ. ಗೆದ್ದಲಿನ ಮೇಲೂ ಇಲ್ಲ, ಅದು ಹಸಿವಿಗೆ ತಿನ್ನುತ್ತದೆ. ಹೊಂಬಳ ಸರ್ ಆವತ್ತು ಬರೆಸುತ್ತ ನಡುವೆ ನಿಂತರಲ್ಲ, ಅದನ್ನು ಮಾತ್ರ ಕ್ಷಮಿಸಲಾರೆ. ಗೊತ್ತಿಲ್ಲದೆ ಬರೆಸಿದ್ದರೆ ಪಾಪ ಅಂದುಕೊಳ್ಳುತ್ತಿದ್ದೆ. ಅವರಿಗೆ ಗೊತ್ತಿತ್ತು.