ಚತುರ್ದಶಿ ದಿನದ ಸ್ಕ್ಯಾನ್

೧

ಎಲ್ಲಿಂದ ಶುರು ಮಾಡಲಿ? ಅಕ್ಕಾತಾಯಿಯ ಲಿವರಿನಲ್ಲಿ ಕಂಡ ಗಂಟಿನಿಂದಲೋ, ಅವಳು ಕುಡಿಯದೆ ಬಿಟ್ಟ ನೀರಿನಿಂದಲೋ? ಗಂಟಿನಿಂದ ಶುರು ಮಾಡಿದರೆ ನೀವು ಹೆದರಿ ಪುಟ ತಿರುಗಿಸುತ್ತೀರಿ. ನೀರಿನಿಂದ ಶುರು ಮಾಡಿದರೆ ಇದು ಯಾವುದೋ ವ್ರತದ ಕಥೆ ಎಂದು ಬದಿಗಿಡುತ್ತೀರಿ. (ಮೊದಲ ಡ್ರಾಫ್ಟ್ ಖಾನಾಪುರದಾಚೆಯ ಗುಂಜಿಯ ಕಾಡಿನ ಮಂಜಿನಿಂದ ಶುರುವಾಗಿತ್ತು. ಪುಟಗಟ್ಟಲೆ ಮಂಜೇ ಆಯಿತು, ಮನುಷ್ಯರು ಕಾಣಲೇ ಇಲ್ಲ. ಹರಿದುಹಾಕಿದೆ.)

ನೇರವಾಗಿ ಹೇಳಿಬಿಡುತ್ತೇನೆ. ಖಾನಾಪುರದ ಅಕ್ಕಾತಾಯಿಗೆ ಬಹಳ ಹಿಂದೆ ಕಾಮಾಲೆಯ ವೈರಸ್ ತಗಲಿ, ಅದು ಹೋಗದೆ ಲಿವರಿನಲ್ಲೇ ಬಿಡಾರ ಹೂಡಿತ್ತು. ಅದಕ್ಕಾಗಿ ವರ್ಷಕ್ಕೆರಡು ಸಲ ಸೋನೋಗ್ರಫಿ ಮಾಡಿಸುತ್ತಿದ್ದಳು. ಈ ಸಲ ಸಣ್ಣ ಅಡಿಕೆಯಷ್ಟು ಗಂಟು ಕಾಣಿಸಿತು. ಅದು ಕ್ಯಾನ್ಸರೋ, ಅಥವಾ ಯಾರಿಗೂ ತೊಂದರೆ ಕೊಡದ ರಕ್ತನಾಳಗಳ ಗಂಟೋ ಎಂದು ತಿಳಿಯಬೇಕಾದರೆ ಬೆಳಗಾವಿಗೆ ಹೋಗಿ, ನರಕ್ಕೆ ಡೈ ಬಿಟ್ಟು, ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ಕಥೆಯಲ್ಲಿ ತಿಳಿಯಬೇಕಾದದ್ದು ಇಷ್ಟೇ. (‘ಇಷ್ಟೇ’ ಅಂದವಳು ನಾನು. ಸೊಸೆ ಬ್ರಾಹ್ಮಿ ಅಂದಿನಿಂದ ಸೋನೋಗ್ರಫಿಯ ರಿಪೋರ್ಟನ್ನು ದಿಂಬಿನ ಕೆಳಗಿಟ್ಟು ಮಲಗುತ್ತಿದ್ದಳು.)

೨

ಆಸ್ಪತ್ರೆಯವರು ಸ್ಪಷ್ಟವಾಗಿಯೇ ಹೇಳಿದ್ದರು: ಬೆಳಿಗ್ಗೆ ಏನೂ ತಿನ್ನಬೇಡಿ, ನೀರು ಮಾತ್ರ ಧಾರಾಳವಾಗಿ ಕುಡಿದು ಬನ್ನಿ. ಆದರೆ ಅಂದು ಚತುರ್ದಶಿ. ಮದುವೆಯಾಗಿ ಬಂದಂದಿನಿಂದ ಅಕ್ಕಾತಾಯಿ ಚತುರ್ದಶಿಯ ದಿನ ಹನಿ ನೀರು ಮುಟ್ಟಿದವಳಲ್ಲ. ಹಿಂದಿನ ದಿನ ಹೊತ್ತು ಮುಳುಗುವ ಮೊದಲು ಕುಡಿದರೆ ಕುಡಿದಳು, ಮತ್ತೆ ಮರುದಿನ ಬಿಸಿಲೇರಿದ ಮೇಲೆಯೇ. ಹೊತ್ತು ಮುಳುಗಿದ ಮೇಲೆ ಬಾಯಿಗೇನೂ ಹಾಕದ ಜೈನರ ಮನೆಯಲ್ಲಿ ಇದು ಮಾತಾಡುವಂಥ ಸಂಗತಿಯಲ್ಲ, ಆದ್ದರಿಂದ ಯಾರೂ ಮಾತಾಡಲಿಲ್ಲ. ಅನ್ನವನ್ನೇ ಬೇಡ ಎಂದವರಿಗೆ ನೀರನ್ನೂ ಬಿಟ್ಟು ಹೋದರೆ ಇನ್ನೂ ಚಲೋ ಎಂಬುದು ಅಕ್ಕಾತಾಯಿಯ ಎಣಿಕೆ.

ಸ್ಕ್ಯಾನ್ ಮಾಡುವ ನಾಗಲಿಂಗ ಅವಳ ಮುಂಗೈ ತಟ್ಟಿ ತಟ್ಟಿ ನರ ಹುಡುಕುತ್ತಿದ್ದ.

“ಆಯಿ, ನೀರ ಯಾವಾಗ ಕುಡದೀರಿ?”

“ನಿನ್ನಿ. ಹೊತ್ತ ಮುಳಗೂಕ ಮೊದಲ.”

ನಾಗಲಿಂಗ ಸೂಜಿ ಕೆಳಗಿಟ್ಟ. “ಇವತ್ತ?”

“ಇವತ್ತ ಚತುರ್ದಶಿ ಅಲ್ಲೇನೋ ತಮ್ಮಾ.”

ತಿಥಿ ನೋಡದೆ ಕೆಲಸಕ್ಕೆ ಬಂದವನು ಅವನೇ ಎಂಬಂತಿತ್ತು ಅವಳ ದನಿ.

ಡಾಕ್ಟರ್ ಸಮೃದ್ಧಿ ಬಂದರು. ಕಿಡ್ನಿಯ ರಿಪೋರ್ಟ್ ಮೊದಲೇ ಅಷ್ಟಕ್ಕಷ್ಟೇ ಇದೆ, ಡೈ ಹೊರಗೆ ಹೋಗುವುದೂ ಕಿಡ್ನಿಯ ದಾರಿಯಲ್ಲೇ, ಹೀಗೆ ಒಣಗಿದ ಮೈಗೆ ಅದನ್ನು ಬಿಡುವುದಿಲ್ಲ ಎಂದರು. ಬೇಕಿದ್ದರೆ ಸಲೈನ್ ಏರಿಸಿ ಸಂಜೆ ಮಾಡಬಹುದು.

ಬ್ರಾಹ್ಮಿಗೆ ದಾರಿ ಸಿಕ್ಕಿತು. “ಅತ್ತಿ, ಸಲೈನ್ ಬಾಯಾಗ ಹೋಗೂದಿಲ್ರಿ. ಕೈಯಾಗ ಹೋಗ್ತೈತಿ. ವ್ರತ ಎಲ್ಲಿ ಮುರೀತೈತಿ?”

“ಬಾಗಲಾ ಬಿಟ್ಟು ಕಿಡಕ್ಯಾಗ ಬಂದಾವ ಮನಿಯೊಳಗ ಬಂದಂಗ ಅಲ್ಲೇನ?”

“ಅತ್ತಿ, ಜೀವದ ಮಾತ ಐತ್ರಿ ಇದು.”

“ಅದಕ್ಕ ಹೇಳಾಕತ್ತೇನಿ. ಜೀವದ ಮುಂದ ಆಟಾ ಹೂಡಬಾರದು. ನಾಳೆ ಬರೂಣು. ಗಂಟ ಏನ್ ರೈಲ್ ಹತ್ತಿ ಗೋವಾಕ್ಕ ಹೋಗ್ತೈತೇನ?”

ಮತ್ತೆ ೨

(ಇಲ್ಲಿ ನನಗೂ ಅಕ್ಕಾತಾಯಿಗೂ ಜಗಳವಾಯಿತು. ಸೊಸೆ ಕಣ್ಣೀರು ಹಾಕಿದಳು, ಅತ್ತೆ ಕರಗಿ ಗಟಗಟ ನೀರು ಕುಡಿದಳು ಎಂದು ನಾನು ಬರೆದಿದ್ದೆ. ಬಹಳ ಚೆಂದ ಬಂದಿತ್ತು. ಅಕ್ಕಾತಾಯಿ ನನ್ನಿಂದಲೇ ಓದಿಸಿ ಕೇಳಿದಳು. “ಬಾಯಾರ, ನೀವು ಏನರ ಬರೀರಿ. ನನ್ನ ಬಾಯಾಗ ನೀರ ಮಾತ್ರ ಹಾಕಬ್ಯಾಡ್ರಿ” ಅಂದಳು. ಹೊಡೆದುಹಾಕಿದೆ. ನಾನು ಸೃಷ್ಟಿಸಿದವಳ ಮುಂದೆ ನನ್ನ ಆಟ ನಡೆಯುವುದು ಇಷ್ಟೇ.)

೪

೩ ಎಲ್ಲಿ ಎಂದು ಕೇಳಬೇಡಿ. ಅದರಲ್ಲಿ ಅವರು ಉಳಿದುಕೊಂಡ ಬೆಳಗಾವಿಯ ಖಾಸಬಾಗದ ನೆಂಟರ ಮನೆಯಲ್ಲಿ ಎಲ್ಲರೂ ಇಡೀ ರಾತ್ರಿ ಚಿಂತಿಸುತ್ತಾ ಕೂತಿದ್ದರು. ವಾಸ್ತವದಲ್ಲಿ ಅಕ್ಕಾತಾಯಿ ಗೊರಕೆ ಹೊಡೆದಳು. ಅಧ್ಯಾಯವನ್ನೇ ತೆಗೆಯಬೇಕಾಯಿತು.

ಮರುದಿನ ಬಿಸಿಲೇರಿದ ಮೇಲೆ ಅವಳು ನೆಂಟರ ಮನೆಯಲ್ಲಿ ತಂಬಿಗೆಗಟ್ಟಲೆ ನೀರು ಕುಡಿದು ಆಸ್ಪತ್ರೆಗೆ ಬಂದಳು. ನಾಗಲಿಂಗ ಬಾಗಿಲಲ್ಲೇ ನಿಂತಿದ್ದ. ಹಣೆಗೆ ವಿಭೂತಿ, ಕೈಯಲ್ಲಿ ಫ್ಲಾಸ್ಕ್.

“ನಮ್ಮ ಬಾಜೂ ಮನಿಯಾಗ ನಿಮ್ಮ ಜೈನ ಮಂದೀನ ಅದಾರ್ರಿ. ಅವರ ಕಡೆನ ಕಾಸಿ, ಅರಿವ್ಯಾಗ ಸೋಸಿಸಿಕೊಂಡ ತಂದೇನಿ. ನಿಮಗ ನಡೀತೈತಿ.”

ಬ್ರಾಹ್ಮಿ ಬಾಯಿ ತೆರೆದಳು. ಅತ್ತೆಯ ಮೊಣಕೈ ಮೆಲ್ಲಗೆ ಅವಳ ಪಕ್ಕೆಗೆ ತಾಗಿತು. ಅಕ್ಕಾತಾಯಿ ಕುಳಿತು, ಮುಚ್ಚಳದಲ್ಲಿ ಬಗ್ಗಿಸಿಕೊಂಡು, ಬೆಳಿಗ್ಗೆಯಿಂದ ಇದೇ ಮೊದಲ ಸಲ ಕುಡಿಯುವವಳಂತೆ ಕುಡಿದಳು.

“ಸವಿ ಐತಿ. ಇನ್ನೊಂದೀಟ ಹಾಕು.”

ಈಗ ನರ ತಾನೇ ಎದ್ದು ನಿಂತಿತ್ತು.

“ಆಯಿ, ಡೈ ಒಳಗ ಹೋದಾಗ ಮೈ ಬಿಸಿ ಆಗ್ತೈತ್ರಿ. ಸೀರಿ ತೊಯ್ತೇನೋ ಅನಸ್ತೈತಿ. ತೊಯ್ದಿರೂದಿಲ್ಲ, ಅಂಜಬ್ಯಾಡ್ರಿ.”

“ಇಷ್ಟ ನೀರ ಕುಡಿಸಿ ಹಂಗಂದ್ರ ಯಾರ ನಂಬತಾರೋ?”

ಉಸಿರು ಹಿಡಿಯಿರಿ ಎಂದು ಯಂತ್ರ ತನ್ನ ಇಂಗ್ಲಿಷಿನಲ್ಲಿ ಹೇಳುವ ಮೊದಲೇ ನಾಗಲಿಂಗ ಗಾಜಿನಾಚೆಯಿಂದ ಕನ್ನಡದಲ್ಲಿ ಹೇಳುತ್ತಿದ್ದ. ಒಂದೇ ಡೈ, ಆದರೆ ಲಿವರಿನ ಚಿತ್ರ ಮೂರು ಸಲ: ಡೈ ಆಗಷ್ಟೇ ಬಂದಾಗ, ಲಿವರೆಲ್ಲ ತುಂಬಿಕೊಂಡಾಗ, ಕೊಂಚ ಹೊತ್ತು ಕಾದ ಮೇಲೆ. ಗಂಟಿನ ಗುಣ ತಿಳಿಯುವುದು ಒಂದು ಚಿತ್ರದಿಂದಲ್ಲ, ಅದು ಡೈಯನ್ನು ಯಾವಾಗ ಹಿಡಿಯಿತು, ಯಾವಾಗ ಬಿಟ್ಟಿತು ಎಂಬುದರಿಂದ. (ಕಥೆಗಾರರಿಗೆ ಇಷ್ಟು ತಾಳ್ಮೆ ಇದ್ದಿದ್ದರೆ ನಾನು ಆ ಮಂಜಿನ ಡ್ರಾಫ್ಟನ್ನು ಹರಿಯುತ್ತಿರಲಿಲ್ಲ.)

ಅಂತ್ಯ, ನನಗೆ ಬೇಕಾದದ್ದು

ಡೈ ಗಂಟಿನ ಅಂಚಿನಿಂದ ನಿಧಾನವಾಗಿ ಒಳಗೆ ತುಂಬಿತು. ಕೊನೆಯ ಚಿತ್ರದಲ್ಲೂ ಹಾಗೇ ಉಳಿದಿತ್ತು. ಬರೀ ರಕ್ತನಾಳಗಳ ಗಂಟು. ಬ್ರಾಹ್ಮಿ ಪೇಟೆಗೆ ಓಡಿ ಸಿಹಿ ಹಂಚಲು ಕುಂದಾ ತಂದಳು...

“ಬಾಯಾರ, ನನ್ನ ಗಂಟ ಹಂಗ ಮಾಡಿತೇನು?”

ಇಲ್ಲ ಎಂದೆ.

“ಮತ್ತ ನೀವೂ ಕಿಡಕಿ ತಗದಕೊಂಡ ಕುಂತೀರಲ್ಲ.”

ಅಂತ್ಯ, ಆದದ್ದು

ಡಾಕ್ಟರ್ ಸಮೃದ್ಧಿ ಪರದೆಯನ್ನು ಅಕ್ಕಾತಾಯಿಯ ಕಡೆಗೇ ತಿರುಗಿಸಿದರು. (ಸೊಸೆಯ ಕಡೆಗೆ ತಿರುಗಿಸಬಹುದಿತ್ತು. ಹಲವರು ಹಾಗೆ ಮಾಡುತ್ತಾರೆ.) ಮೊದಲ ಚಿತ್ರದಲ್ಲಿ ಲಿವರ್ ಇನ್ನೂ ಮಸುಕಾಗಿದ್ದಾಗ ಗಂಟು ಬೆಳ್ಳಗೆ ಹೊಳೆಯುತ್ತಿತ್ತು. ಕೊನೆಯದರಲ್ಲಿ ಸುತ್ತಲಿನ ಲಿವರ್ ಬೆಳಗಿತ್ತು, ಗಂಟು ಮಾತ್ರ ಕಪ್ಪಾಗಿತ್ತು.

“ಎಲ್ಲಾರಕಿಂತ ಮೊದಲ ಹಿಡದು, ಎಲ್ಲಾರಕಿಂತ ಮೊದಲ ಬಿಟ್ಟೈತ್ರಿ. ನಿಮ್ಮಂಥ ಲಿವರಿನ್ಯಾಗ ಹಿಂಗ ಕಂಡ್ರ ಅದು ಕ್ಯಾನ್ಸರ್. ಆದ್ರ ಸಣ್ಣದೈತಿ, ಒಂದ ಐತಿ, ಎಲ್ಲೂ ಹಬ್ಬಿಲ್ಲ. ತಗಿಯಾಕ ಬರ್ತೈತ್ರಿ, ಅಮ್ಮಾ.”

ಅಕ್ಕಾತಾಯಿ ಬಗ್ಗಿ ಪರದೆಯ ಮೇಲಿನ ಗಂಟಿಗೆ ಬೆರಳಿಟ್ಟಳು. “ನಿನ್ನಿ ಮಾಡಿದ್ರ ಬ್ಯಾರೆ ಕಾಣತಿತ್ತೇನ್ರಿ?”

“ಇಲ್ರಿ. ಇದ ಕಾಣತಿತ್ತು. ಮುಂದಿನ ಸಲ ಮಾತ್ರ ವ್ರತ ಇದ್ರ ಮೊದಲ ಹೇಳ್ರಿ.”

“ಕೇಳಿದೆಲ್ಲ?” ಅಕ್ಕಾತಾಯಿ ಸೊಸೆಯ ಕೈ ಹಿಡಿದಳು. “ಏಳು. ಹೊತ್ತ ಮುಳಗೂದ್ರೊಳಗ ಮನಿ ಮುಟ್ಟಿ ಉಣ್ಣಬೇಕು.”

ಹೊರಗೆ ನಾಗಲಿಂಗ ಮೊಬೈಲಿನಲ್ಲಿ ತಿಥಿ ನೋಡುತ್ತಿದ್ದ. ಆಪರೇಷನ್ ಆದಮೇಲಿನ ಸ್ಕ್ಯಾನಿಗೆ ಅಷ್ಟಮಿ, ಚತುರ್ದಶಿ ಬಿಟ್ಟೇ ತಾರೀಖು ಕೊಡುತ್ತಾನಂತೆ. ಫ್ಲಾಸ್ಕಿಗೆ ಕೈ ಚಾಚಿದ. ಅಕ್ಕಾತಾಯಿ ಅದನ್ನು ಸೆರಗಿನೊಳಗೆ ಸೇರಿಸಿಕೊಂಡಳು.

“ಆವಾಗ ತರ್ತೇನಿ ತಗೋ.”

೩

ಖಾನಾಪುರದ ಬಸ್ಸು ನಿಂತಿದೆ. ನಾನು ಕೆಳಗೆ ಪೆನ್ನು ಹಿಡಿದು ನಿಂತಿದ್ದೇನೆ. ಆಪರೇಷನ್ ಚೆನ್ನಾಗಿ ಆಯಿತು ಎಂಬ ಒಂದೇ ಸಾಲು, ಬರೆಯಲೇ ಎಂದು ಕೇಳಿದೆ.

“ಆಗದ್ದನ್ನ ಹೆಂಗ ಬರೀತೀರಿ? ಆದ ಮ್ಯಾಲ ಬರ್ರಿ, ಕುಂತ ಹೇಳ್ತೇನಿ.”

ಬಸ್ಸು ಅಲುಗಿತು. ಅಕ್ಕಾತಾಯಿ ಕಿಟಕಿಯಿಂದ ಕೈ ಹೊರಗೆ ಚಾಚಿದಳು. ಕೈಯಲ್ಲಿ ಫ್ಲಾಸ್ಕಿನ ಮುಚ್ಚಳ, ಮುಚ್ಚಳದ ತುಂಬ ನೀರು.

“ಬಾಯಾರ, ಮಾರಿ ಬಾಡೇತಿ ನಿಮ್ಮದು. ಲಗೂನ ಕುಡೀರಿ, ಹೊತ್ತ ಇನ್ನೂ ಮುಳಗಿಲ್ಲ.”

ಅರ್ಧ ಕುಡಿಯುವಷ್ಟರಲ್ಲಿ ಬಸ್ಸು ಹೊರಟಿತು. ಮುಚ್ಚಳ ನನ್ನ ಕೈಯಲ್ಲೇ ಉಳಿದಿದೆ. ಈಗ ನಾನೂ ಖಾನಾಪುರಕ್ಕೆ ಹೋಗಲೇಬೇಕು.