ಐದನೆಯ ಬಟ್ಟಲು

ನಾನು ಗೇಣುದ್ದದ ಒಂದು ಮಣ್ಣಿನ ಹೂಜಿ. ಹುಟ್ಟಿದ್ದು ಜಪಾನಿನ ಕುಂಬಾರರ ಊರೊಂದರ ಆವಿಗೆಯಲ್ಲಿ. ಅಕ್ಕಿ ಹುಳಿಸಿ ತೆಗೆದ ಸಾಕೆ ಎಂಬ ಮದ್ಯವನ್ನು ಬಟ್ಟಲಿಗೆ ಬಗ್ಗಿಸುವುದು ನನ್ನ ಕುಲಕಸುಬು. ಮದ್ಯದ ಹೆಸರು ಕೇಳಿ ‘ಸಾಕೇ?’ ಎಂದು ನಗಬೇಡಿ, ನನಗೆ ಮೊದಲೇ ಸಿಟ್ಟು ಜಾಸ್ತಿ. ನನ್ನ ಜೊತೆಗೆ ಐದು ಪುಟ್ಟ ಬಟ್ಟಲುಗಳೂ ಬೆಂದವು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಯಾರೂ ತಮ್ಮ ಬಟ್ಟಲನ್ನು ತಾವೇ ತುಂಬಿಕೊಳ್ಳುವುದಿಲ್ಲ. ಪಕ್ಕದವರ ಬಟ್ಟಲು ಬರಿದಾದರೆ ನೋಡಿ ತುಂಬುತ್ತಾರೆ. ಅದನ್ನು ನೋಡುತ್ತಲೇ ನಾನು ಬೆಳೆದೆ.

ಹುಬ್ಬಳ್ಳಿಯ ಪಂಪು ಕಾರ್ಖಾನೆಯ ಫೋರ್‌ಮನ್ ಚಿದಾನಂದ ತರಬೇತಿಗೆಂದು ಜಪಾನಿಗೆ ಬಂದವನು ನನ್ನನ್ನೂ ಐದು ಬಟ್ಟಲುಗಳನ್ನೂ ಕೊಂಡ. ಊರು ಮುಟ್ಟಿದ ಮಾರನೆಯ ದಿನವೇ ಅವನ ತಾಯಿ ತುಂಗವ್ವ ನನ್ನೊಳಗೆ ಶೇಂಗಾ ಎಣ್ಣೆ ಸುರಿದಳು! ವರ್ಷವಿಡೀ ಚಟ್ನಿಪುಡಿಗೆ ಎಣ್ಣೆ ಬಿಡುವ ಚಾಕರಿ ಮಾಡಿದೆ. ಸ್ನೇಹಿತನೊಬ್ಬ ವಿದೇಶದಿಂದ ಸಾಕೆ ಬಾಟಲಿಗಳನ್ನು ತಂದುಕೊಟ್ಟ ಮೇಲಷ್ಟೇ ನನಗೆ ಬಿಡುಗಡೆಯಾಯಿತು.

ಆಮೇಲೆ ಶನಿವಾರ ಸಂಜೆಯ ಬೈಠಕ್ಕುಗಳು ಶುರುವಾದವು. ಚಿದಾನಂದ, ಮೂವರು ಗೆಳೆಯರು, ನಡುವೆ ನಾನು. ಜೊತೆಗೆ ಅವನ ಹೆಂಡತಿ ಕಸ್ತೂರಿ ಅರೆದ ರಂಜಕ: ಹಣ್ಣು ಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆ ರಸ, ಮೇಲೊಂದು ಉಂಡೆ ಬೆಣ್ಣೆ. ಸೌಮ್ಯವಾದ ಸಾಕೆಗೆ ಈ ಬೆಂಕಿಯೇ ಎಂದು ನಾನು ಮೂಗು ಮುರಿದೆ. ಆದರೆ ನಾಲಿಗೆ ಹೊತ್ತಿಕೊಂಡಾಗ ಒಂದು ಗುಟುಕು ಹಾಕಿದವರ ಮುಖ ನೋಡಬೇಕಿತ್ತು! ಖಾರ ಇಳಿದು ಅಕ್ಕಿಯ ಸಿಹಿ ಮೇಲೇಳುತ್ತಿತ್ತು. ಸೋತೆ ಎಂದು ಒಪ್ಪಿಕೊಂಡೆ.

ಒಪ್ಪಲಾಗದ್ದು ಒಂದೇ. ನಾಲ್ಕು ಬಟ್ಟಲು ಗಂಡಸರ ಮುಂದಿದ್ದವು. ಐದನೆಯದರಲ್ಲಿ ರಂಜಕ ತುಂಬಿಡುತ್ತಿದ್ದರು. ಕಸ್ತೂರಿ ಉರಿಯುವ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೂ ಹೊರಗೂ ತಿರುಗುತ್ತಿದ್ದಳು.

ಒಂದು ಶನಿವಾರ ಚಿದಾನಂದ ಎಂದಿನಂತೆ ಉಪದೇಶ ಶುರುಮಾಡಿದ. "ಜಪಾನ್‌ದಾಗ ತಮ್ಮ ಬಟ್ಟಲಾ ತಾವ ತುಂಬ್ಕೊಳ್ಳಂಗಿಲ್ಲ ನೋಡ್ರಿ. ಬಾಜೂದವ್ರು ತುಂಬಬೇಕು. ಎಂಥಾ ಸಂಸ್ಕಾರ ಅಂತೀನಿ!"

ಕಸ್ತೂರಿ ಅಲ್ಲೇ ನಿಂತಳು. ಐದನೆಯ ಬಟ್ಟಲಿನ ರಂಜಕವನ್ನು ತಟ್ಟೆಗೆ ಬಳಿದು, ಬಟ್ಟಲು ತೊಳೆದು ತಂದು, ಚಾಪೆಯ ಮೇಲೆ ಕುಳಿತಳು.

"ನಾ ಅರದ ಖಾರದ ಕೂಡ ಇದು ಹೆಂಗ ಹೊಂದತೈತಿ, ನಾನೂ ನೋಡಬೇಕಲ್ರೀ," ಎಂದಳು.

ಗೆಳೆಯರು ಗೋಡೆ ನೋಡಿದರು. ನನ್ನ ಹೊಟ್ಟೆ ತುಂಬ ಸಾಕೆಯಿತ್ತು. ಎತ್ತಿ, ಯಾರಾದರೂ ನನ್ನನ್ನು ಎತ್ತಿ ಎಂದು ಒಳಗೊಳಗೇ ಕೂಗಿದೆ. ನಾಲ್ಕು ಜನ, ಎಂಟು ಕೈ, ಒಂದೂ ಏಳಲಿಲ್ಲ.

"ನಿನಗ್ಯಾಕ ಬೇಕ ಇದೆಲ್ಲಾ? ರೊಟ್ಟಿ ತೊಗೊಂಡ್ ಬಾ ಹೋಗು," ಎಂದ ಚಿದಾನಂದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ಕಸ್ತೂರಿ ನನ್ನ ಕಡೆ ಕೈಚಾಚಲಿಲ್ಲ. ಬಟ್ಟಲನ್ನು ಹಿಡಿದು ಎದ್ದು ಒಳಗೆ ಹೋದಳು.

ಮುಂದಿನ ಶನಿವಾರ ಐದನೆಯ ಬಟ್ಟಲು ಹೊರಗೆ ಬರಲಿಲ್ಲ. "ರಂಜಕ ಎಲ್ಲೈತಿ?" ಎಂದು ಅವನು ಕೂಗಿದ.

ಅಡುಗೆಮನೆಯಿಂದ ಉತ್ತರ ಬಂತು: "ಬಟ್ಟಲಾ ಬಾಜೂದವ್ರು ತುಂಬಲಿ. ಖಾರಾ ಮಾತ್ರ ನಿಮ್ಮದು ನೀವ ಅರಕೋರಿ."

ಅಂಗಡಿಯ ಉಪ್ಪಿನಕಾಯಿ ತಂದರು, ಚಿಪ್ಸ್ ತಂದರು. ಯಾವುದೂ ಹೊಂದಲಿಲ್ಲ. ಗೆಳೆಯರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು, ಬೈಠಕ್ಕು ನಿಂತಿತು.

ಈಗ ನನಗೆ ವಯಸ್ಸಾಗಿದೆ. ಕಂಠದಲ್ಲಿ ಬಿರುಕು ಬಿಟ್ಟು ಷೋಕೇಸಿನಲ್ಲಿ ಕುಳಿತಿದ್ದೇನೆ. ಮನೆಗೆ ಬಂದವರಿಗೆಲ್ಲ ಚಿದಾನಂದ ನನ್ನನ್ನು ತೋರಿಸಿ ಅದೇ ಪದ್ಧತಿಯನ್ನು ಹೊಗಳುತ್ತಾನೆ. ಅವರು ತಲೆದೂಗುತ್ತಾರೆ. ಕಸ್ತೂರಿ ಚಹಾ ತಂದಿಟ್ಟು ಒಳಗೆ ಹೋಗುತ್ತಾಳೆ. ಅವಳು ಚಹಾ ಕುಡಿದಳೋ ಇಲ್ಲವೋ ಎಂದು ಇವತ್ತಿಗೂ ಒಬ್ಬರೂ ಕೇಳಿಲ್ಲ.